ಚಾಮುಂಡಮ್ಮ ಬೇಯಿಸಿದ ಡೇರೆ ಗೆಡ್ಡೆ

ಪುಟ್ಟಲಕ್ಷ್ಮಿ ಹುಟ್ಟಿ ಬೆಳೆದದ್ದು ಹೆಗ್ಗಡದೇವನಕೋಟೆ ಕಡೆಯ ಒಂದು ಒಣಭೂಮಿಯ ಹಳ್ಳಿಯಲ್ಲಿ. ಅಲ್ಲಿ ಯಾವ ಬೀಜ ಯಾವಾಗ ನೆಲಕ್ಕೆ ಬೀಳಬೇಕೆಂದು ತೀರ್ಮಾನಿಸುವುದು ಮಳೆ. ಅಂಗಳದ ಚೆಂಡುಹೂವಿನ ಗಿಡಕ್ಕೆ ಪಾತ್ರೆ ತೊಳೆದ ನೀರೇ ಗತಿ. ಹಾಗಾಗಿ ತೊಂಬತ್ತಾರರಲ್ಲಿ ಸಾಲಿಗ್ರಾಮದ ಉಮಾಶಂಕರನ ಕೈಹಿಡಿದು ಬಂದಾಗ ಅವಳ ಕಣ್ಣು ಗಂಡನ ಗದ್ದೆಯ ಮೇಲೂ ನಿಲ್ಲಲಿಲ್ಲ, ಹೆಂಚಿನ ಮನೆಯ ಮೇಲೂ ನಿಲ್ಲಲಿಲ್ಲ. ನೇರವಾಗಿ ಹಿತ್ತಲ ಬಾವಿಗೆ ಹೋಯಿತು. ನಡುಬೇಸಿಗೆಯಲ್ಲೂ ಕೊಡ ಇಳಿಬಿಟ್ಟ ತಕ್ಷಣ ತುಂಬಿಕೊಂಡು ಬರುತ್ತಿದ್ದ ಆ ನೀರನ್ನು ನೋಡಿ, ಇನ್ನು ಮಳೆರಾಯನ ಮುಖ ನೋಡುವ ಕೆಲಸವಿಲ್ಲ ಎಂದುಕೊಂಡಳು.

ಹಿತ್ತಲು ದೊಡ್ಡದೇನಲ್ಲ. ಎರಡು ಎತ್ತಿನಗಾಡಿ ನಿಲ್ಲಿಸಿದರೆ ಮೂರನೆಯದಕ್ಕೆ ಜಾಗವಿಲ್ಲ. ಅದರ ಯಜಮಾನಿಕೆ ಅತ್ತೆ ಚಾಮುಂಡಮ್ಮನದು. ಬದನೆ, ದಂಟು, ಹಸಿಮೆಣಸಿನಕಾಯಿ, ಮೂಲೆಯಲ್ಲೊಂದು ಕರಿಬೇವು. ಸಾರಿಗೆ ಬೀಳದ ಯಾವ ಗಿಡಕ್ಕೂ ಅಲ್ಲಿ ಪ್ರವೇಶವಿರಲಿಲ್ಲ. ಮುಡಿಯುವ ಹೂವು ಸಂತೆಯಲ್ಲಿ ಸಿಗುತ್ತದೆ, ಅದಕ್ಕೆ ಗೊಬ್ಬರ ಯಾಕೆ ಹಾಳುಮಾಡಬೇಕು ಎನ್ನುವುದು ಅವರ ವಾದ.

ಮೊದಲ ವರ್ಷ ಸಂಕ್ರಾಂತಿ ಕಳೆದದ್ದೇ ಪುಟ್ಟಲಕ್ಷ್ಮಿ ತವರಿನಿಂದ ತಂದ ಅವರೆಬೀಜ ಊರಿದಳು. ಅವರೆ ಹಾಕುವ ಕಾಲ ಇದಲ್ಲ ಎಂದು ಅತ್ತೆ ಒಂದು ಮಾತು ಹೇಳಿದರು. ತವರಿನಲ್ಲಿ ಆಷಾಢದವರೆಗೆ ಕಾಯುತ್ತಿದ್ದದ್ದು ನೀರಿಗಾಗಿ, ಇಲ್ಲಿ ನೀರು ಬೇಕಾದಷ್ಟಿದೆ, ಕಾಯುವುದೇಕೆ ಎಂದು ಇವಳ ಲೆಕ್ಕ. ಬಳ್ಳಿ ಹಬ್ಬಿತು. ಚಪ್ಪರ ತುಂಬಿ, ಬಚ್ಚಲುಮನೆಯ ಹೆಂಚು ಹತ್ತಿ, ಪಕ್ಕದ ಮನೆಯ ಮರಮ್ಮನ ಗೋಡೆಯನ್ನೂ ಮುಚ್ಚಿತು. ಎಲೆಯೋ ಎಲೆ. ಹೂವು ಮಾತ್ರ ಒಂದೂ ಇಲ್ಲ. ಬೇಸಿಗೆಯೆಲ್ಲ ನೀರು ಸೇದಿ ಸೇದಿ ಅಂಗೈಗೆ ಬೊಬ್ಬೆ ಬಂತು. ಕೊನೆಗೆ ಅದು ಹೂಬಿಟ್ಟದ್ದು ಕಾರ್ತಿಕದಲ್ಲಿ, ಹಗಲು ಕುಗ್ಗಿ ಇಬ್ಬನಿ ಬೀಳತೊಡಗಿದ ಮೇಲೆ. ಶ್ರಾವಣದಲ್ಲಿ ಬಿತ್ತಿದ್ದ ಮರಮ್ಮನ ಬಳ್ಳಿಯೂ ಅದೇ ವಾರ ಹೂಬಿಟ್ಟಿತು. ಚಾಮುಂಡಮ್ಮ ಮೊದಲ ಕಾಯಿ ಕಿತ್ತು ತಂದು, ಬಿಡಿಸಲೆಂದು ಸೊಸೆಯ ಮುಂದೆ ಮೊರವನ್ನಿಟ್ಟು ಹೋದರು. ಬೈದಿದ್ದರೆ ಅವಳಿಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಅಲ್ಲಿಂದ ಅವಳು ಕಾಲ ನೋಡಿ ಕೈಹಾಕುವುದನ್ನು ಕಲಿತಳು. ಆದರೂ ಹೂವಿನ ಆಸೆ ಹೋಗಲಿಲ್ಲ.

ಅವಳ ಅಕ್ಕನನ್ನು ಕೊಪ್ಪದ ಹತ್ತಿರ ಕೊಟ್ಟಿದ್ದರು. ಒಂದು ಮಾಘದಲ್ಲಿ ಅಕ್ಕನ ಮನೆಗೆ ಹೋದವಳು ಪಕ್ಕದ ಬೈಲಕುಪ್ಪೆಯ ಒಂದು ಮನೆಯ ಮುಂದೆ ಬೇಲಿ ಹಿಡಿದು ನಿಂತುಬಿಟ್ಟಳು. ಒಳಗೆ ಡೇರೆ ಹೂವಿನ ಗಿಡಗಳು, ಪೇಟೆಯವರು ಡೇಲಿಯಾ ಅನ್ನುವಂಥವು. ಬಹುಪಾಲು ಒಣಗಿದ್ದವು, ಆದರೆ ಕೊನೆಯ ಒಂದೆರಡು ಹೂವುಗಳು ಊಟದ ತಟ್ಟೆಯ ಅಗಲವಿದ್ದವು, ಬಣ್ಣ ಕುಂಕುಮದ್ದು. ಗೆಡ್ಡೆ ಅಗೆಯುತ್ತಿದ್ದ ಟಿಬೆಟಿನ ಅಜ್ಜಿ ಇವಳ ಮುಖ ನೋಡಿ ನಕ್ಕರು. ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ, ಈಗ ನೆಡಬೇಡ, ಒಣಮರಳಲ್ಲಿ ಮುಚ್ಚಿಡು, ಮೊದಲ ಮಳೆ ಬಿದ್ದ ಮೇಲೆ ನೆಡು ಎಂದು ಹೇಳಿ ಒಂದು ಗೊಂಚಲು ಗೆಡ್ಡೆ ಕೊಟ್ಟರು.

ಮನೆಗೆ ಬಂದ ಪುಟ್ಟಲಕ್ಷ್ಮಿ ಅದನ್ನು ಹಳೆಯ ಮಡಕೆಯೊಂದರಲ್ಲಿ ಮರಳು ತುಂಬಿ ಹುದುಗಿಸಿ, ಅಟ್ಟದ ಮೇಲೆ, ಹುಣಸೆಹಣ್ಣಿನ ಗುಡಾಣದ ಹಿಂದಿಟ್ಟಳು. ಅತ್ತೆಗೆ ಹೇಳಲಿಲ್ಲ. ಹೇಳಿದರೆ ಬೇಡ ಅಂದುಬಿಟ್ಟಾರು, ಗಿಡ ಮೊಳೆತ ಮೇಲೆ ನೋಡಿಕೊಂಡರಾಯಿತು ಎಂಬ ಯೋಚನೆ.

ಯುಗಾದಿಗೆ ತವರಿಗೆ ಹೋಗಿ ವಾರ ಬಿಟ್ಟು ಬಂದಳು. ಚೀಲ ಇಳಿಸುತ್ತಿದ್ದಂತೆ ಅತ್ತೆಯೇ ಮಾತು ತೆಗೆದರು. ಅವರ ದನಿಯಲ್ಲಿ ಸ್ವಲ್ಪ ಮುನಿಸಿತ್ತು.

"ನಿಮ್ಮಕ್ಕ ಕೊಟ್ಟ ಗೆಣಸ ಬಚ್ಚಿಡೋ ಅಂತಾದ್ದೇನಿತ್ತು ಕಣಮ್ಮಿ? ನಾನೇನು ಒಬ್ಳೇ ತಿಂದ್ಬುಡ್ತಿದ್ನಾ?"

"ಯಾವ ಗೆಣಸು ಅತ್ತೆ?"

"ಅಟ್ಟದ ಮ್ಯಾಲಿತ್ತಲ್ಲ, ಮರಳೊಳಗೆ. ಬೇಯಿಸ್ದೆ. ಎಷ್ಟು ಉಪ್ಪು ಹಾಕಿದ್ರೂ ಚಪ್ಪೆ. ನಿನ್ ಗಂಡ ಎಲ್ಡು ತಿಂದ, ಮಿಕ್ಕಿದ್ದ ಹಸೂಗೆ ಆಕ್ದೆ."

ಪುಟ್ಟಲಕ್ಷ್ಮಿಗೆ ಮೊದಲು ಹೆದರಿಕೆಯಾಯಿತು. ಹೊಟ್ಟೆನೋವು ಬಂತೇ, ವಾಂತಿಯಾಯಿತೇ ಎಂದು ಗಂಡನನ್ನೂ ಅತ್ತೆಯನ್ನೂ ಒಂದೇ ಸಮ ಕೇಳಿದಳು. ಯಾರಿಗೂ ಏನೂ ಆಗಿರಲಿಲ್ಲ. ಹಸು ಆರಾಮಾಗಿ ಮೆಲುಕು ಹಾಕುತ್ತಿತ್ತು. ಅದು ಖಾತ್ರಿಯಾದ ಮೇಲೆ ಅಳು ಬಂತು. ಅದು ಗೆಣಸಲ್ಲ, ಬೈಲಕುಪ್ಪೆಯ ಅಜ್ಜಿ ಕೊಟ್ಟ ಹೂವಿನ ಗೆಡ್ಡೆ ಎಂದು ಬಿಕ್ಕುತ್ತಾ ಹೇಳಿದಳು. ಉಮಾಶಂಕರ ನಗಲು ಬಾಯಿ ತೆರೆದವನು ಇಬ್ಬರ ಮುಖವನ್ನೂ ನೋಡಿ, ಗದ್ದೆಗೆ ನೀರು ಕಟ್ಟುವ ನೆಪ ಹೇಳಿ ಹೊರಟುಹೋದ.

ಚಾಮುಂಡಮ್ಮ ಅವತ್ತು ಸರಿಯಾಗಿ ಊಟಮಾಡಲಿಲ್ಲ. ತಪ್ಪು ತನ್ನದೋ ಅವರದೋ ಎಂದು ಪುಟ್ಟಲಕ್ಷ್ಮಿಗೂ ತಿಳಿಯಲಿಲ್ಲ. ಹೇಳದೇ ಇಟ್ಟವಳು ತಾನೇ ಅಲ್ಲವೇ.

ಅದಾದ ಕೆಲವು ದಿನಕ್ಕೆ, ಬೆಳಿಗ್ಗೆ ರೊಟ್ಟಿ ತಟ್ಟಿ ಹೊರಬಂದರೆ ಅತ್ತೆ ಮನೆಯಲ್ಲಿಲ್ಲ. ಒಳ್ಳೆಯ ಸೀರೆಯುಟ್ಟು ಬಸ್‌ಸ್ಟ್ಯಾಂಡ್ ಕಡೆ ಹೋದರು ಎಂದು ಮರಮ್ಮ ಹೇಳಿದಳು. ಕೆ.ಆರ್.ನಗರ ದಾಟಿ ಒಬ್ಬರೇ ಎಲ್ಲಿಗೂ ಹೋದವರಲ್ಲ. ಉಮಾಶಂಕರ ನೆಂಟರ ಮನೆಗಳಿಗೆಲ್ಲ ಸೈಕಲ್ಲು ತುಳಿದ. ಸಂಜೆ ದನ ಕೊಟ್ಟಿಗೆಗೆ ಬರುವ ಹೊತ್ತಿಗೆ ಚಾಮುಂಡಮ್ಮ ತಾವೇ ಬಸ್ಸಿಳಿದು ನಡೆದುಬಂದರು. ಕಂಕುಳಲ್ಲಿ ಬಟ್ಟೆಯ ಗಂಟು. ಅದನ್ನು ಸೊಸೆಯ ಮಡಿಲಿಗೆ ಹಾಕಿ ಜಗಲಿಯ ಮೇಲೆ ಕಾಲುಚಾಚಿ ಕೂತರು. ಗಂಟಿನಲ್ಲಿ ಡೇರೆ ಗೆಡ್ಡೆಗಳಿದ್ದವು, ಆಗಲೇ ಮೂಗುತಿಯಷ್ಟು ಮೊಳಕೆ ಒಡೆದು.

ಹುಣಸೂರಿನಲ್ಲಿ ಬಸ್ಸು ಬದಲಾಯಿಸಿ, ಕೊಪ್ಪದಲ್ಲಿಳಿದು, ಪುಟ್ಟಲಕ್ಷ್ಮಿಯ ಅಕ್ಕನನ್ನು ಹುಡುಕಿ ಕರೆದುಕೊಂಡು ಆ ಅಜ್ಜಿಯ ಮನೆಗೇ ಹೋಗಿದ್ದರಂತೆ. ಅಜ್ಜಿಯ ಅರ್ಧ ಕನ್ನಡ ಸಾಲದೆ, ಬೇಯಿಸಿದ್ದನ್ನೂ ಉಪ್ಪು ಹಾಕಿದ್ದನ್ನೂ ಕೈಯಲ್ಲಿ ಆಡಿ ತೋರಿಸಿದರಂತೆ. ಅಜ್ಜಿ ನಕ್ಕು ನಕ್ಕು ಕಣ್ಣೊರೆಸಿಕೊಂಡು, ಬೆಣ್ಣೆ ಹಾಕಿದ ಉಪ್ಪು ಚಹಾ ಕೊಟ್ಟರಂತೆ. "ಅಷ್ಟು ಉಪ್ಪು ಹಾಕಿದ್ರೂ ಅವ್ರ ಚಾನೂ ಚಪ್ಪೆನೇ ಕಣವ್ವ, ಅವ್ರ ಗೆಡ್ಡೆ ತರಾನೇ," ಎಂದರು ಚಾಮುಂಡಮ್ಮ. ಬರಿಗೈಯಲ್ಲಿ ಹೋಗಬಾರದೆಂದು ಬಿತ್ತನೆಗಿಟ್ಟಿದ್ದ ಅವರೆಕಾಳು ಕೊಟ್ಟು, ಆಷಾಢಕ್ಕೆ ಮೊದಲು ಊರಬೇಡಿ ಎಂದು ಅಕ್ಕನ ಬಾಯಲ್ಲಿ ಹೇಳಿಸಿಯೂ ಬಂದಿದ್ದರು.

ಕಾಲು ನೋಯುತ್ತಿರಬೇಕು, ಬಿಸಿನೀರು ಕಾಯಿಸುತ್ತೇನೆ ಎಂದು ಪುಟ್ಟಲಕ್ಷ್ಮಿ ಒಲೆಯ ಮುಂದೆ ಹೋಗಿ ಕೂತಳು.

ರೋಹಿಣಿ ಮಳೆ ಬಿದ್ದ ಮಾರನೆಯ ದಿನ ಅತ್ತೆಯೇ ಬದನೆಯ ಒಂದು ಸಾಲು ಕಿತ್ತು ಜಾಗ ಮಾಡಿಕೊಟ್ಟರು. ಗಿಡ ಬೇಗ ಎದ್ದಿತು. ನೀರು ನಿಂತರೆ ಗೆಡ್ಡೆ ಕೊಳೆತೀತೆಂದು ಇಬ್ಬರೂ ಸೇರಿ ಏರಿ ಕಟ್ಟಿದರು. ಗಾಳಿಗೆ ಮುರಿಯದಂತೆ ಬಿದಿರುಕಡ್ಡಿ ಊರಿದರು. ಗೌರಿಹಬ್ಬಕ್ಕೆ ಸರಿಯಾಗಿ ಮೊದಲ ಹೂವು ಅರಳಿತು. ಪುಟ್ಟಲಕ್ಷ್ಮಿ ಅದನ್ನು ಕಿತ್ತು ದೇವರಿಗೆ ಇಡಲು ಹೊರಟರೆ ಚಾಮುಂಡಮ್ಮ ತಡೆದರು. ಬೀದಿಯವರು ಒಂದು ದಿನ ನೋಡಲಿ, ಆಮೇಲೆ ದೇವರು ನೋಡುತ್ತಾನೆ ಎಂದರು. ಬೀದಿಯವರು ಹಿತ್ತಲಿಗೇ ಬಂದು ನೋಡಿದರು. ಮರಮ್ಮ ಗೋಡೆಯ ಮೇಲಿಂದ ದಿನಕ್ಕೆ ನಾಲ್ಕು ಸಲ ನೋಡಿದಳು.

ಆಮೇಲಿನ ವರ್ಷಗಳಲ್ಲಿ ಆ ಹಿತ್ತಲು ಮಳೆಗಳ ಜೊತೆ ಬಣ್ಣ ಬದಲಿಸುತ್ತಾ ಹೋಯಿತು. ಮುಂಗಾರಿಗೆ ಡೇರೆ, ಕರ್ಣಕುಂಡಲ, ಆಯುಧಪೂಜೆಗೆ ಬರುವಂತೆ ಚೆಂಡುಹೂವು, ಚಳಿಗೆ ಸೇವಂತಿಗೆ, ಬೇಸಿಗೆಗೆ ಸೌತೆ, ದಂಟು. ಮಗಳು ರಮ್ಯಾ ಸ್ಕೂಲಿಗೆ ಹೋಗುವಾಗ ಟೀಚರಮ್ಮನಿಗೆಂದು ದಿನವೂ ಒಂದಿಷ್ಟು ಹೂವು ಒಯ್ಯುತ್ತಿದ್ದಳು. ಏನು ನೆಡಬೇಕು ಎನ್ನುವುದರಲ್ಲಿ ಅತ್ತೆ ಸೊಸೆ ಪ್ರತಿ ವರ್ಷ ಜಗಳವಾಡಿದರು. ಯಾವಾಗ ನೆಡಬೇಕು ಎನ್ನುವುದರಲ್ಲಿ ಮಾತ್ರ ಎಂದೂ ಇಲ್ಲ.

ಎರಡು ಸಾವಿರದ ನಾಲ್ಕರಲ್ಲಿ ಉಮಾಶಂಕರ ಒಂದು ಹಳೆಯ ಟ್ರ್ಯಾಕ್ಟರ್ ತಂದ. ನಿಲ್ಲಿಸಲು ಹಿತ್ತಲಲ್ಲಿ ಶೆಡ್ ಹಾಕಿಸುವುದೆಂದು ದಾರದಲ್ಲಿ ಅಳತೆ ಹಿಡಿಯತೊಡಗಿದ. ಪುಟ್ಟಲಕ್ಷ್ಮಿ ಸೇವಂತಿಗೆಯ ಬುಡ ಕೆದಕುತ್ತಿದ್ದಳು. ಅವಳು ಎದ್ದುನಿಲ್ಲುವ ಮೊದಲೇ ಚಾಮುಂಡಮ್ಮ ಬಂದು ದಾರದ ಇನ್ನೊಂದು ತುದಿ ಹಿಡಿದುಕೊಂಡರು.

"ಇಲ್ಲಿ ಕಾರ್ತಿಕದ್ ಗಂಟ ಜಾಗಿಲ್ಲ ಕಣಪ್ಪ."

"ಕಾರ್ತಿಕ ಕಳೆದ್ ಮ್ಯಾಲೆ?" ಎಂದ ಅವನು.

ಅತ್ತೆ ಸೊಸೆಯ ಮುಖ ನೋಡಿದರು. "ಆಗ ಅವರೆ ಇರ್ತದೆ," ಎಂದಳು ಪುಟ್ಟಲಕ್ಷ್ಮಿ.

ಉಮಾಶಂಕರ ದಾರ ಸುತ್ತಿಕೊಂಡ. ಟ್ರ್ಯಾಕ್ಟರ್ ಬೀದಿಯಲ್ಲೇ, ಬೇವಿನ ಮರದ ಕೆಳಗೆ ನಿಂತಿತು.