ಜಗಳೂರಿನಲ್ಲಿ ತಿರುಗಿದ ಹರಗೋಲು

೧೯೪೭, ಮೇ ೧೧, ಭಾನುವಾರ. ಬೆಳಿಗ್ಗೆ ಏಳೂವರೆಗೆ ಬರೆಯಲು ಕುಳಿತೆ.

ಹೊನ್ನಾಳಿಯ ನಮ್ಮ ವಾಚನಾಲಯಕ್ಕೆ ಮಕ್ಕಳ ಹೊಸ ಪುಸ್ತಕ ಬಂದರೆ ಮೊದಲು ಓದಿ ನೋಡುವ ಕೆಲಸ ಮೂರು ವರ್ಷದಿಂದ ನನ್ನದು. ಆರಿಸಿದ ಪುಸ್ತಕ ತಗಡಿನ ಪೆಟ್ಟಿಗೆಯಲ್ಲಿ ಬಸ್ಸು ಹತ್ತಿ ನ್ಯಾಮತಿ, ಚನ್ನಗಿರಿ, ಜಗಳೂರು ಸುತ್ತಿ ಬರುತ್ತದೆ. ನಾಲ್ಕೂ ಊರಿನ ಮಕ್ಕಳಿಗೆ ಅದು ಹಿಡಿಸಬೇಕು. ಹೊಳೆದಂಡೆಯ ಕಟ್ಟೆಯ ಮೇಲೆ ಕೂತು ಮಕ್ಕಳಿಗೆ ಗಟ್ಟಿಯಾಗಿ ಓದುತ್ತೇನೆ. ಒಂದು ಮಗು ಎದ್ದು ಹೋದರೆ ಆ ಪುಟದ ಅಂಚಿಗೆ ಸೀಸದಕಡ್ಡಿಯಲ್ಲಿ ಒಂದು ಗೆರೆ. ಗೆರೆ ಕಡಿಮೆ ಬಿದ್ದ ಪುಸ್ತಕಕ್ಕೆ ನನ್ನ ಶಿಫಾರಸು.

ಮೊದಲ ಬೇಸಿಗೆಯಲ್ಲಿ ಎರಡು ಹೊಸ ಪುಸ್ತಕ ಬಂದವು. ಹದಿನೈದು ದಿನದೊಳಗೆ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಹಿಂತಿರುಗಿಸಬೇಕಿತ್ತು. ಬಣ್ಣದ ಚಿತ್ರಗಳ ದಪ್ಪ ಪುಸ್ತಕದಲ್ಲಿ ರಾಜಕುಮಾರನೊಬ್ಬ ಹರಗೋಲನ್ನು ಬಾಣದಂತೆ ನೇರವಾಗಿ ಓಡಿಸಿದ. ದುಂಡಗಿನ ಹರಗೋಲು ಹಾಗೆ ಓಡುವುದುಂಟೇ? ಅಂಬಿಗರ ಹುಡುಗಿ ನಕ್ಕು ಎದ್ದಳು, ಅವಳ ಹಿಂದೆ ಇನ್ನೂ ಆರು ಮಂದಿ. ಏಳು ಗೆರೆ.

ಎರಡನೆಯದು ಬಡಕಲು ಪುಸ್ತಕ. ಯುದ್ಧಕಾಲದ ಒರಟು ಕಾಗದ, ಚಿತ್ರವಿಲ್ಲ, ಬರೆದವರ ಹೆಸರೂ ಇಲ್ಲ. ಅದರಲ್ಲಿ ಹುಡುಗಿಯೊಬ್ಬಳು ಅಜ್ಜಿಯನ್ನು ಹೊಳೆ ದಾಟಿಸುತ್ತಾಳೆ. ಹರಗೋಲು ಗಿರಗಿರನೆ ತಿರುಗಿ, ತಲೆಸುತ್ತಿದ ಅಜ್ಜಿ ಆಚೆ ದಡ ಮುಟ್ಟಿದ ಮೇಲೂ ‘ವಾಪಸ್ ಮನೆಗೇ ತಂದೆಯಾ’ ಎಂದು ಬೈಯುತ್ತಾಳೆ. ಒಂದು ಗೆರೆಯೂ ಬೀಳಲಿಲ್ಲ.

“ಇದನ್ನ ಬರೆದೋರು ಹರಗೋಲಾಗೆ ಕುಂತಾರೆ,” ಎಂದಳು ಅಂಬಿಗರ ಹುಡುಗಿ.

ವಾಚನಾಲಯದ ಹಿರಿಯರು ಅಡಿಕೆ ವ್ಯಾಪಾರದವರು. ದಪ್ಪ ಪುಸ್ತಕಕ್ಕೆ ಅವರ ಮನಸ್ಸು ಆಗಲೇ ಒಲಿದಿತ್ತು. ಆದರೂ ನನ್ನ ಗೆರೆಗಳನ್ನೆಲ್ಲ ಕನ್ನಡಕ ಹಾಕಿಕೊಂಡು ನೋಡಿದರು.

“ಹೊಳೆ ಊರಿನ ಮಕ್ಳು ಕೇಳ್ತಾವೆ, ಸರಿ. ಜಗಳೂರಾಗೆ ಹೊಳೆ ಎಲ್ಲೈತವ್ವಾ? ಅಲ್ಲಿ ಓದಿ ಬಾ. ಅಲ್ಲೂ ಯಾರೂ ಏಳ್ದಿದ್ರೆ ನಿನ್ನ ಮಾತೇ ನಡೀಲಿ.”

ಜಗಳೂರಿನಲ್ಲಿ ನನ್ನ ಸೋದರತ್ತೆಯ ಮನೆಯಿತ್ತು. ಅವರ ಅಂಗಳದಲ್ಲಿ ಕುರಿ ಸಾಕುವ ಮನೆಗಳ ಮಕ್ಕಳನ್ನು ಕೂರಿಸಿಕೊಂಡು ಓದತೊಡಗಿದೆ. ಮೂರನೆಯ ಪುಟಕ್ಕೇ ಒಬ್ಬ ಹುಡುಗ ಕೇಳಿದ, “ಅಕ್ಕಾ, ಹರಗೋಲು ಅಂದ್ರೆ ಹೆಂಗಿರ್ತೈತೆ?” ಬಿದಿರಿನ ದೊಡ್ಡ ಬುಟ್ಟಿಗೆ ತೊಗಲು ಹೊದಿಸಿದ ಹಾಗೆ ಎಂದೆ. ಅಷ್ಟರಲ್ಲಿ ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು ಓಡಿದಳು. ಪುಸ್ತಕ ಹಿಂದಕ್ಕೆ ಹೋಯಿತೆಂದುಕೊಂಡೆ. ಆದರೂ ಕ್ರಮ ಕ್ರಮವೇ. ಅಂಚಿಗೆ ಗೆರೆ ಎಳೆದೆ.

ಅವಳು ಅತ್ತೆ ಶೇಂಗಾ ತುಂಬುವ ಬಿದಿರಿನ ಪುಟ್ಟಿಯನ್ನು ದರದರ ಎಳೆದುಕೊಂಡು ಬಂದು ಅದರೊಳಗೆ ಕೂತಳು.

“ತಿರುಗಿಸ್ರೋ. ನಾನು ಅಜ್ಜಿ.”

ಮಕ್ಕಳು ತಿರುಗಿಸಿದರು. ತಲೆಸುತ್ತಿ ಆಚೆ ವಾಲಿದ ಹುಡುಗಿ ಪುಸ್ತಕದ ಅಜ್ಜಿಗಿಂತ ಜೋರಾಗಿ ಬೈದಳು. ಒಬ್ಬೊಬ್ಬರದಾಗಿ ಎಲ್ಲರ ಸರದಿಯೂ ಆಯಿತು. ಪುಟ್ಟಿ ಮುರಿದರೆ ನಿಮ್ಮಪ್ಪಂದಿರು ಹೆಣೆದು ಕೊಡುತ್ತಾರೇನು ಎಂದು ಗದರಲು ಬಂದ ಅತ್ತೆ, ಅಜ್ಜಿ ಕಡೆಗೂ ದಾಟಿದಳೋ ಇಲ್ಲವೋ ಎಂದು ಕೇಳಿ ಅಲ್ಲೇ ಕೂತರು. ಹಾಕಿದ ಗೆರೆಯನ್ನು ನಾನು ರಬ್ಬರಿನಿಂದ ಅಳಿಸಿದ್ದು ಈವರೆಗೆ ಅದೊಂದೇ.

ಹಿರಿಯರು ಇದನ್ನೆಲ್ಲ ಕೇಳಿ, ಬಡಕಲು ಪುಸ್ತಕವನ್ನೇ ಇಟ್ಟುಕೊಂಡು ಅದರ ಇನ್ನೊಂದು ಪ್ರತಿ ತರಿಸಲು ಹೇಳಿದರು. ಈಗ ಎರಡೂ ಸವೆದು, ಮೂರು ಸಲ ಹೊಲಿಸಿಕೊಂಡು, ಇನ್ನೂ ಸುತ್ತುತ್ತಿವೆ. ನಾಲ್ಕು ಊರಿನ ಮಕ್ಕಳಿಗೆ ಈ ಪುಸ್ತಕವನ್ನು ಮುಟ್ಟಿಸಿದವರಲ್ಲಿ ನಾನೂ ಒಬ್ಬಳು ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಬರೆದವರು ಯಾರೆಂದು ಮಾತ್ರ ಇನ್ನೂ ತಿಳಿದಿಲ್ಲ. ನಮ್ಮ ಹೊಳೆಸಾಲಿನವರೇ ಇರಬೇಕೆಂದು ನನ್ನ ಊಹೆ. ಬಲ್ಲವರು ದಯವಿಟ್ಟು ವಾಚನಾಲಯಕ್ಕೆ ಒಂದು ಕಾರ್ಡು ಬರೆಯಿರಿ. ಜಗಳೂರಿನ ಶೇಂಗಾ ಪುಟ್ಟಿಯ ವಿಷಯ ಅವರಿಗೆ ತಿಳಿಸಬೇಕಾಗಿದೆ.