ನನ್ನ ಪ್ರಸಂಗ ಕೇಳಿ ಮಾಡು ಬಿಚ್ಚಿದ ಮತ್ತಾಯಿ

ದೇವರ ವಾಕ್ಯದ ಮೇಲೆ ನಾನು ಮಾಡುವ ಪ್ರಸಂಗ ಕೇಳಿ ಇದುವರೆಗೆ ಯಾರೂ ಒಂದು ಬೀಡಿ ಬಿಟ್ಟದ್ದು ಕೂಡ ನನಗೆ ಗೊತ್ತಿಲ್ಲ. ಆದರೆ ಕಳೆದ ಬೇಸಿಗೆಯಲ್ಲಿ ಒಬ್ಬ ಮನುಷ್ಯ ನನ್ನ ಪ್ರಸಂಗ ಕೇಳಿ ತನ್ನ ಮನೆಯ ಮಾಡನ್ನೇ ಬಿಚ್ಚಿದ.

ಹುಲ್ಲು ಹೊದಿಸಿದ ಮಾಡು. ಏಣಿ ಇಟ್ಟು ಹತ್ತಿ, ಹುಲ್ಲನ್ನು ಕಟ್ಟುಕಟ್ಟಾಗಿ ಕೆಳಗೆ ಹಾಕುತ್ತಿದ್ದ. ನಾನು ಅಂಗಳಕ್ಕೆ ಕಾಲಿಟ್ಟದ್ದೇ, ಮೇಲಿನಿಂದಲೇ ಎರಡೂ ಕೈ ಜೋಡಿಸಿದ. ಏಣಿ ಅಲುಗಾಡಿತು. ಆದರೂ ಕೈ ಬಿಡಲಿಲ್ಲ.

ಇಂಥ ಪರಿಣಾಮಕಾರಿ ಪ್ರಸಂಗಿ ನಾನು ಆದದ್ದು ಹೇಗೆ? ಅದನ್ನು ಹೇಳಬೇಕಾದರೆ ನನ್ನ ರಿಟೈರ್‌ಮೆಂಟಿನಿಂದಲೇ ಶುರು ಮಾಡಬೇಕು.

ನಾನು ಸರ್ವೇಯರ್ ಆಗಿದ್ದವನು. ಮೂವತ್ತೆರಡು ವರ್ಷ ಪುತ್ತೂರು ತಾಲೂಕಿನ ಗುಡ್ಡ, ಗದ್ದೆ, ತೋಡು, ಪೊದೆಗಳ ಮೇಲೆ ಸರಪಳಿ ಎಳೆದವನು. ಮದ್ರಾಸು ಸರ್ಕಾರ ಕೆಲಸ ಕೊಟ್ಟಿತು, ಮೈಸೂರು ಸರ್ಕಾರ ಮನೆಗೆ ಕಳುಹಿಸಿತು. ಬೀಳ್ಕೊಡುಗೆಯ ದಿನ ಒಂದು ಹಾರ, ಒಂದು ಟಾರ್ಚು. ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ಅಂಗಿ ಹಾಕಿ, ಬೂಟು ಹಾಕಿ ಜಗಲಿಯಲ್ಲಿ ನಿಂತೆ. ಹೋಗುವುದು ಎಲ್ಲಿಗೆ?

ಅಳೆಯುವ ಚಟ ಅಷ್ಟು ಸುಲಭದಲ್ಲಿ ಹೋಗುತ್ತದೆಯೇ? ಮೊದಲ ವಾರ ಬಾವಿಯಿಂದ ಬಚ್ಚಲಿಗೆ ಎಷ್ಟು ಹೆಜ್ಜೆ ಎಂದು ಅಳೆದೆ. ಎರಡನೇ ವಾರ ಅಡುಗೆಮನೆಯ ಸ್ಕೆಚ್ ಹಾಕಿ, ಒಲೆಯಿಂದ ನೀರಿನ ಹಂಡೆಗೆ ಹೋಗುವಾಗ ನನ್ನ ಹೆಂಡತಿ ಲಿಡಿಯಾ ದಿನಕ್ಕೆ ನೂರು ಹೆಜ್ಜೆ ಸುಮ್ಮನೆ ನಡೆಯುತ್ತಿದ್ದಾಳೆ ಎಂದು ಅವಳಿಗೇ ತೋರಿಸಿಕೊಟ್ಟೆ. ಆ ಭಾನುವಾರ ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ಅವಳು ನೇರ ಸಭಾಪಾಲಕರ ಹತ್ತಿರ ಹೋದಳು.

"ಇವರಿಗೆ ಎಂತಾದರೂ ಒಂದು ಕೆಲಸ ಕೊಡಿ ಅಯ್ಯನವರೆ. ದೇವರ ಕೆಲಸ ಆದರೂ ಅಡ್ಡಿ ಇಲ್ಲ" ಎಂದಳು.

ನಮ್ಮ ಸಭಾಪಾಲಕರು ಒಳ್ಳೆಯವರು. ಕೋಡಿಂಬಾಳದ ಆಚೆಯ ಗುಡ್ಡದಲ್ಲಿ ತಿರುವಾಂಕೂರಿನ ಕಡೆಯಿಂದ ನಾಲ್ಕು ಕ್ರೈಸ್ತ ಕುಟುಂಬಗಳು ಬಂದು ನೆಲೆಸಿವೆಯಂತೆ, ಕಾಡು ಕಡಿದು ಮರಗೆಣಸು, ರಬ್ಬರು ಹಾಕುತ್ತಿದ್ದಾರಂತೆ, ಹತ್ತಿರದಲ್ಲಿ ದೇವಾಲಯ ಇಲ್ಲ, ವಿಚಾರಿಸುವವರೂ ಇಲ್ಲ, ಯಾರಾದರೂ ಹೋಗಿ ಬಂದರೆ ಒಳ್ಳೆಯದಿತ್ತು ಎಂದರು. ಮನುಷ್ಯನಿಗೆ ಕೆಲಸದಿಂದ ರಿಟೈರ್‌ಮೆಂಟ್ ಉಂಟು, ಸೇವೆಯಿಂದ ಇಲ್ಲ ಎಂದೂ ಸೇರಿಸಿದರು. ನನಗೆ ಮೈ ಜುಮ್ಮೆಂದಿತು. ಇಷ್ಟು ವರ್ಷ ಭೂಮಿ ಅಳೆದೆ, ಇನ್ನು ಆತ್ಮಗಳ ಕೆಲಸ.

ಒಂದೇ ತೊಂದರೆ. ಅವರದ್ದು ಮಲಯಾಳ, ನನಗೆ ಮಲಯಾಳ ಬಾರದು. (ಕಾಸರಗೋಡು ಕಡೆಗೆ ಟ್ರಾನ್ಸ್‌ಫರ್ ಆಗದ ಹಾಗೆ ಮದ್ರಾಸು ಕಾಲದಲ್ಲೆಲ್ಲ ಜಾಗ್ರತೆ ಮಾಡಿದವನು ನಾನು. ಅದರ ಶಿಕ್ಷೆ ಈಗ.) ಆದರೆ ಕೊನೆಗೊಂದು ಸೊನ್ನೆ ಸೇರಿಸಿದರೆ ಕನ್ನಡವೇ ಮಲಯಾಳ ಆಗುತ್ತದೆ ಎಂದು ನನ್ನ ನಂಬಿಕೆ. ಸ್ವರ್ಗ, ಸ್ವರ್ಗಂ. ಪಾಪ, ಪಾಪಂ. ಇನ್ನೇನು ಬೇಕು?

ಭಾನುವಾರ ಮೊದಲ ಬಸ್ಸು. ನಡುವೆ ಹೊಳೆ ದಾಟಲು ದೋಣಿ. ಕಡಬದಲ್ಲಿ ಒಂದು ಹೋಟೆಲಿನಲ್ಲಿ ಚಹಾ ಕುಡಿದು, ಅಲ್ಲಿಂದ ಗುಡ್ಡಕ್ಕೆ ಒಂದೂವರೆ ಗಂಟೆ ನಡಿಗೆ. ತಲೆಗೆ ಹಳೆಯ ಸೋಲಾ ಟೋಪಿ. ಕಂಕುಳಲ್ಲಿ ವೇದಪುಸ್ತಕ. ಹಾವಿಗೂ ನಾಯಿಗೂ ಇರಲಿ ಎಂದು ಕೈಯಲ್ಲಿ ಸರ್ವೇ ಕೋಲು, ಅದೇ ಕೆಂಪು ಬಿಳಿ ಬಣ್ಣದ್ದು, ತುದಿಗೆ ಕಬ್ಬಿಣ ಇದ್ದದ್ದು. ಹಳತೆಂದು ಆಫೀಸಿನವರು ಎಸೆದದ್ದನ್ನು ನಾನು ಮನೆಗೆ ತಂದಿದ್ದೆ.

ಮತ್ತಾಯಿ ಎಂಬವನ ಮನೆ ಮೊದಲು ಸಿಕ್ಕಿತು. ನಲವತ್ತು ವರ್ಷದ ಗಟ್ಟಿ ಆಳು. ನನ್ನನ್ನು ಕಂಡದ್ದೇ ಗುದ್ದಲಿ ಬಿಟ್ಟು ನೆಟ್ಟಗೆ ನಿಂತ. ಅಂಗಳದ ನಡುವೆ ನಾನು ಕೋಲನ್ನು ಮಣ್ಣಿಗೆ ಊರಿ, ಅದಕ್ಕೆ ಕೋಟು ಸಿಕ್ಕಿಸಿದೆ. ಅವನ ಮುಖ ಬಿಳುಪೇರಿತು. ದೇವರ ಸೇವಕನನ್ನು ಕಂಡ ಭಕ್ತಿ ಎಂದುಕೊಂಡೆ. ಐದು ನಿಮಿಷದಲ್ಲಿ ನಾಲ್ಕು ಮನೆಯವರೂ ಬಂದು ಸೇರಿದರು. ದೊಡ್ಡವರು, ಮಕ್ಕಳು, ಒಬ್ಬಳು ಮುದುಕಿ, ಒಟ್ಟು ಇಪ್ಪತ್ತೇಳು ಮಂದಿ. ನನ್ನ ಹಳೆಯ ಫೀಲ್ಡ್ ಬುಕ್ಕು ತೆಗೆದು ಎಲ್ಲರ ಹೆಸರು ಬರೆದುಕೊಂಡೆ.

ಮೊದಲ ಪ್ರಸಂಗದ ವಿಷಯ: ಈ ಭೂಮಿ ನಮ್ಮದಲ್ಲ, ನಾವೆಲ್ಲ ಇಲ್ಲಿ ಪರದೇಶಿಗಳು, ಹೊರಡಲು ಸಿದ್ಧರಾಗಿರಬೇಕು.

ಯಾವ ದೇವಾಲಯದಲ್ಲೂ ಹೇಳುವ ಮಾತು. ಆದರೆ ಇಲ್ಲಿ ಇಬ್ಬರು ಹೆಂಗಸರು ಅತ್ತರು. ಪುತ್ತೂರಿನಲ್ಲಿ ಇದೇ ಮಾತಿಗೆ ಜನ ಆಕಳಿಸುವುದನ್ನು ಕಂಡವನು ನಾನು. ಆಮೇಲೆ ಕೋಳಿಸಾರು, ಮರಗೆಣಸು. ಹೊರಡುವಾಗ ಎರಡು ಅನಾನಸು. (ಸರ್ವಿಸಿನಲ್ಲಿದ್ದಾಗ ಕೂಡ ಒಂದೇ ಊಟಕ್ಕೆ ಅಷ್ಟು ಕೋಳಿ ನಾನು ತಿಂದವನಲ್ಲ.)

ಎರಡನೇ ಭಾನುವಾರ ನಮ್ಮ ಅತಿಕ್ರಮಗಳ ಬಗ್ಗೆ ಮಾತಾಡಿದೆ. ಅಂದರೆ ನಮ್ಮ ತಪ್ಪುಗಳು, ಪಾಪಗಳು. ಪ್ರತಿಯೊಬ್ಬನೂ ತನ್ನ ಅತಿಕ್ರಮವನ್ನು ತಾನೇ ಒಪ್ಪಿಕೊಂಡು ತಿದ್ದಿಕೊಂಡರೆ ಶಿಕ್ಷೆ ಕಡಿಮೆ ಎಂದೆ. ಮೂರನೇ ವಾರ ಹೋದಾಗ ನೋಡುತ್ತೇನೆ, ಮತ್ತಾಯಿಯ ಬೇಲಿ ಹತ್ತು ಮಾರು ಒಳಗೆ ಬಂದಿದೆ. ನನ್ನ ದಾರಿ ಅಗಲ ಮಾಡಲಿಕ್ಕೆ ಪಾಪ ಎಷ್ಟು ಕಷ್ಟಪಟ್ಟಿದ್ದಾರೆ ಎಂದು ಮನಸ್ಸು ತುಂಬಿ ಬಂತು. ಆ ದಿನ ಆಕಾಶದ ಕಡೆಗೆ ಬೆರಳು ತೋರಿಸಿ, ಮೇಲಿನವರು ಎಲ್ಲವನ್ನೂ ನೋಡುತ್ತಾ ಇದ್ದಾರೆ, ಆರ್ಡರ್ ಯಾವ ದಿನ ಬರುತ್ತದೋ ಹೇಳಲಾಗದು ಎಂದೆ. ನಾಲ್ಕನೇ ವಾರ ಬೇಲಿ ಇನ್ನೂ ಒಳಗೆ. ಕಿತ್ತ ರಬ್ಬರು ಗಿಡಗಳು ಬದಿಯಲ್ಲಿ ಒಣಗುತ್ತಿದ್ದವು. ಇದೊಂದು ನನಗೆ ಸರಿ ಕಾಣಲಿಲ್ಲ. ಆದರೆ ರಬ್ಬರಿನ ಕೃಷಿ ನನಗೇನು ಗೊತ್ತು?

ಹಾಜರಿ ಮಾತ್ರ ಪ್ರತಿವಾರ ಇಪ್ಪತ್ತೇಳಕ್ಕೆ ಇಪ್ಪತ್ತೇಳು. ಜ್ವರ ಬಂದವರನ್ನೂ ಎತ್ತಿಕೊಂಡು ತರುತ್ತಿದ್ದರು. ಪುತ್ತೂರಿನ ಸಭೆಯಲ್ಲಿ ನಾನು ಇದನ್ನು ಹೇಳದೆ ಬಿಡುತ್ತೇನೆಯೇ? ಹಿರಿಯರು ತಲೆದೂಗಿದರು. ನನ್ನ ನಡಿಗೆಯೇ ಬದಲಾಯಿತು ಎಂದು ಲಿಡಿಯಾ ಹೇಳುತ್ತಾಳೆ.

ಏಳನೇ ಭಾನುವಾರ ಮಾಡು ಬಿಚ್ಚಿದ್ದು.

ಅಂಗಳದಲ್ಲಿ ಗಂಟುಮೂಟೆ. ಪಾತ್ರೆಗಳಿಗೆ ಹಗ್ಗ. ಹೆಣ್ಣುಮಕ್ಕಳಿಬ್ಬರು ಕೋಳಿಗಳ ಕಾಲು ಕಟ್ಟುತ್ತಿದ್ದರು. ಆಕಾಶದಲ್ಲಿ ಆಗಲೇ ಮೋಡ. ಏನಿದು ಎಂದು ನಾನು ಕೈಸನ್ನೆಯಲ್ಲಿ ಕೇಳುತ್ತಿದ್ದಂತೆ ಮತ್ತಾಯಿಯ ಹೆಂಡತಿ ಅಲೇಯಮ್ಮ ಮಗುವನ್ನು ಸೊಂಟದಲ್ಲಿ ಇಟ್ಟುಕೊಂಡು ಮುಂದೆ ಬಂದಳು. ಇಷ್ಟು ದಿನ ಬಾಗಿಲ ಹಿಂದೆಯೇ ನಿಲ್ಲುತ್ತಿದ್ದವಳು.

"ಸಾರೇ, ಮಳೆ ಹೋಗುವವರೆಗೆ ಟೈಂ ಕೊಡಿ. ಚಿಕ್ಕ ಮಗು ಉಂಟು. ಮಳೆ ಹೋದ ಮೇಲೆ ನಾವೇ ಹೋಗ್ತೇವೆ" ಎಂದಳು.

ಕನ್ನಡದಲ್ಲಿ! ಕಡಬದ ಅಂಗಡಿಗಳಿಗೆ ಕರಿಮೆಣಸು ಹೊತ್ತುಕೊಂಡು ಹೋಗಿ ಬಂದು ಕಲಿತ ಕನ್ನಡವಂತೆ. ಏಳು ವಾರದಲ್ಲಿ ನಿಮಗೆ ಕನ್ನಡ ಬರುತ್ತದೆಯೇ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ನಿಜ ಹೇಳಬೇಕೆಂದರೆ, ನಾನು ಅವರನ್ನು ಏನನ್ನೂ ಕೇಳಿರಲಿಲ್ಲ. ಮಾತಾಡುವುದು ನನ್ನ ಕೆಲಸ ಎಂದುಕೊಂಡಿದ್ದೆ.

ಮತ್ತೆ ಒಂದೊಂದಾಗಿ ಹೊರಗೆ ಬಂತು. ಮೊದಲ ದಿನ ನಾನು ಚಹಾ ಕುಡಿದು ಎದ್ದ ಮೇಲೆ, ಹಿಂದಿನಿಂದ ಬಂದ ಇವರ ಕಡೆಯ ಒಬ್ಬನು ಅದು ಯಾರು ಎಂದು ಹೋಟೆಲಿನವನನ್ನು ಕೇಳಿದನಂತೆ. ಅವನು "ಸರ್ವೇಯರ್" ಎಂದನಂತೆ. ಒಳದಾರಿಯಲ್ಲಿ ಓಡಿ ಬಂದ ಇವನು ಆ ಸುದ್ದಿಯನ್ನು ನನಗಿಂತ ಮೊದಲೇ ಗುಡ್ಡಕ್ಕೆ ಮುಟ್ಟಿಸಿದ್ದ. ಆಮೇಲೆ ನಾನು ಬಂದು ಅಂಗಳದಲ್ಲಿ ಸರ್ವೇ ಕೋಲು ಊರಿದೆ. ಹೆಸರು ಬರೆದುಕೊಂಡೆ. ಪ್ರತಿ ಪ್ರಸಂಗ ಮುಗಿದ ಮೇಲೆ ಅಲೇಯಮ್ಮ ಉಳಿದವರಿಗೆ ಅರ್ಥ ಹೇಳುತ್ತಿದ್ದಳು: ಈ ಭೂಮಿ ನಮ್ಮದಲ್ಲವಂತೆ. ನಾವು ಪರದೇಶಿಗಳಂತೆ. ಅತಿಕ್ರಮ ಮಾಡಿದ ಜಾಗ ನಾವಾಗಿ ಬಿಟ್ಟರೆ ಶಿಕ್ಷೆ ಕಡಿಮೆಯಂತೆ. ಮೇಲಿನವರಿಂದ ಆರ್ಡರ್ ಬರುವುದು ಮಾತ್ರ ಬಾಕಿಯಂತೆ.

ಒಂದಾದರೂ ತಪ್ಪು ಅರ್ಥ ಹೇಳಿದ್ದಾಳೆಯೇ? ಶಬ್ದಕ್ಕೆ ಶಬ್ದ ಸರಿ.

ನಾನು ಸರ್ವೇಯರ್ ಅಲ್ಲ, ರಿಟೈರ್ ಆಗಿದ್ದೇನೆ, ಇದು ಬರೀ ಪ್ರಾರ್ಥನೆ, ವೇದಪುಸ್ತಕ ನೋಡಿ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅಲೇಯಮ್ಮ ಅದನ್ನು ಮಲಯಾಳದಲ್ಲಿ ಏಣಿಯ ಮೇಲಕ್ಕೆ ದಾಟಿಸಿದಳು. ಮತ್ತಾಯಿ ಸ್ವಲ್ಪ ಯೋಚಿಸಿ ಏನೋ ಕೇಳಿದ. ಅವಳು ಸಂಕೋಚದಿಂದ ನನಗೆ ಹೇಳಿದಳು: "ರಿಟೈರ್ ಆದವರು ಇಷ್ಟು ದೂರ ಯಾಕೆ ಬರುದು ಅಂತ ಕೇಳ್ತಾರೆ."

ಉತ್ತರ ಇತ್ತು. ಮನೆಯಲ್ಲಿ ಕೂರಲು ಆಗದೆ ಬಂದೆ. ಯಾರಾದರೂ ನನ್ನನ್ನು ಕಂಡು ಎದ್ದು ನಿಲ್ಲಲಿ ಎಂದು ಬಂದೆ. ಆದರೆ ಕಾಲು ಕಟ್ಟಿದ ಕೋಳಿಗಳ ಎದುರು ನಿಂತು ಅದನ್ನು ಹೇಳುವ ಧೈರ್ಯ ಯಾರಿಗುಂಟು?

ಆ ದಿನ ಪ್ರಸಂಗ ಇಲ್ಲ. ಯಾರೂ ಎಲ್ಲಿಗೂ ಹೋಗುವುದು ಬೇಡ ಎಂದು ಹೇಳಿ, ಕೋಟು ತೆಗೆದಿಟ್ಟು ಏಣಿ ಹತ್ತಿ ಹುಲ್ಲು ಹೊದಿಸಲು ಕೈಜೋಡಿಸಿದೆ. ಸಂಜೆಯ ಹೊತ್ತಿಗೆ ಅರ್ಧ ಮಾಡು ಮುಗಿಯಿತು. ಉಳಿದರ್ಧ ಅವರೇ ಮರುದಿನ ಮುಗಿಸಿದರು. (ನಾನು ಹೊದಿಸಿದ ಭಾಗವನ್ನು ಬಿಚ್ಚಿ ಪುನಃ ಹೊದಿಸಿದರು ಎಂದು ಆಮೇಲೆ ತಿಳಿಯಿತು.)

ಸಭಾಪಾಲಕರಿಗೆ ಎಲ್ಲ ಹೇಳಿದೆ. ಬೈಯುತ್ತಾರೆ ಎಂದು ಹೆದರಿದ್ದೆ. ಅವರು ನಕ್ಕು ನಕ್ಕು ಕನ್ನಡಕ ಒರೆಸಿಕೊಂಡರು. ಇಪ್ಪತ್ತು ವರ್ಷದಿಂದ ಪ್ರಸಂಗ ಮಾಡುತ್ತಿದ್ದೇನೆ, ಒಬ್ಬನೇ ಒಬ್ಬನೂ ತನ್ನ ಬೇಲಿ ಒಂದು ಅಂಗುಲ ಹಿಂದೆ ಹಾಕಿದ್ದಿಲ್ಲ ಎಂದರು. ಮತ್ತೆ ನಗು ನಿಲ್ಲಿಸಿ, ಆ ಜಾಗ ನಿಜಕ್ಕೂ ಅವರದ್ದೋ ಅಲ್ಲವೋ, ನೀವು ನೋಡಿದ್ದೀರಾ ಎಂದು ಕೇಳಿದರು.

ನೋಡಿರಲಿಲ್ಲ. ಮೂವತ್ತೆರಡು ವರ್ಷದ ಸರ್ವೇಯರ್, ಏಳು ವಾರ ಆ ಅಂಗಳದಲ್ಲಿ ನಿಂತು, ಅದೊಂದನ್ನು ಬಿಟ್ಟು ಉಳಿದೆಲ್ಲ ಮಾತಾಡಿದ್ದ.

ಮುಂದಿನ ವಾರ ಮತ್ತಾಯಿ ತಗಡಿನ ಪೆಟ್ಟಿಗೆಯಿಂದ ಕಾಗದ ತೆಗೆದು ಕೊಟ್ಟ. ಜಾಗ ಕ್ರಯಕ್ಕೆ ತೆಗೆದುಕೊಂಡದ್ದೇ. ಆದರೆ ಚಕ್ಕುಬಂದಿ, ಅಂದರೆ ನಾಲ್ಕು ಬದಿಯ ಗಡಿ, ನೋಡಬೇಕು: ಮೂಡಕ್ಕೆ ಹಲಸಿನ ಮರ, ತೆಂಕಕ್ಕೆ ನೀರಿನ ತೋಡು, ಪಡುವಕ್ಕೆ ದೊಡ್ಡ ಬಂಡೆ, ಬಡಗಕ್ಕೆ ಹುಲಿ ಬರುವ ದಾರಿ. ಹಲಸು, ತೋಡು, ಬಂಡೆ ಸಿಕ್ಕಿದವು. ಹುಲಿ ಬಾರದೆ ಎಷ್ಟೋ ವರ್ಷ. ದಾರಿ ತೋರಿಸುವವರು ಯಾರು?

ಬಡಗಣ ಬದಿಯ ಜಮೀನು ಕುಶಾಲಪ್ಪ ಗೌಡರದ್ದು. ಎಂಬತ್ತು ದಾಟಿದವರು. ಕೇಳಿದರೆ ತಮ್ಮ ಲಾಭಕ್ಕೆ ಹೇಳಿಯಾರು ಎಂದು ನನ್ನ ಸರ್ವಿಸಿನ ಅನುಭವ ಹೇಳಿತು. ಗೌಡರು ಕೋಲೂರಿಕೊಂಡು ನಿಧಾನ ಮತ್ತಾಯಿಯ ಅಂಗಳಕ್ಕೆ ಬಂದು, ಅಲ್ಲಿಂದ ಬಡಗಕ್ಕೆ ಹೊರಟರು. ಮತ್ತಾಯಿಯ ಹೊಸ ಬೇಲಿ ದಾಟಿದರು. ಹಳೆಯ ಬೇಲಿಯ ಗುರುತನ್ನೂ ದಾಟಿದರು. ದಾಟಿ, ತಮ್ಮದೇ ದನದ ಹಟ್ಟಿಯ ಹಿಂದೆ ಹೋಗಿ ನಿಂತರು.

"ಹುಲಿ ಬರ್ತಿದ್ದದ್ದು ಇಲ್ಲಿ ಮಾರಾಯ್ರೆ. ನನ್ನ ಎರಡು ದನ ಹೋದದ್ದು ಇಲ್ಲಿಯೇ. ಇಲ್ಲಿವರೆಗೆ ಅವರದ್ದು" ಎಂದರು.

ಅಂದರೆ ಮತ್ತಾಯಿ ಅತಿಕ್ರಮ ಮಾಡಿದ್ದಿರಲಿ, ತನ್ನ ಜಾಗವನ್ನೇ ಪೂರ್ತಿ ಹಿಡಿದಿರಲಿಲ್ಲ. ಹೊಸ ಊರು, ತಿಳಿಯದ ಭಾಷೆ, ಯಾಕೆ ತಕರಾರು ಎಂದು ಮೊದಲೇ ಇಪ್ಪತ್ತು ಮಾರು ಬಿಟ್ಟು ಬೇಲಿ ಹಾಕಿದ್ದ. (ಗೌಡರು ನನ್ನ ಒಂದೇ ಒಂದು ಪ್ರಸಂಗ ಕೇಳಿದವರಲ್ಲ.)

ಆಮೇಲೆ ಎರಡು ತಿಂಗಳು ನನ್ನ ಭಾನುವಾರಗಳು ಹೀಗೆ ಹೋದವು. ಕೊಡೆ ಹಿಡಿದು ಒಬ್ಬ, ಸರಪಳಿಯ ತುದಿ ಹಿಡಿದು ಇನ್ನೊಬ್ಬ, ಜಿಗಣೆ ಕೀಳಲು ಅಲೇಯಮ್ಮ. ನಾಲ್ಕು ಮನೆಯವರ ಜಾಗವನ್ನೂ ಅಳೆದು ಸ್ಕೆಚ್ ಹಾಕಿ, ಜಾಗದ ಪಟ್ಟೆಗೆ ಅರ್ಜಿ ಬರೆದುಕೊಟ್ಟೆ. ಸರ್ಕಾರ ಒಪ್ಪುವ ಅಳತೆ ಅಲ್ಲ ನನ್ನದು, ಆಫೀಸಿನ ಸರ್ವೇಯರ್ ಬಂದು ಪುನಃ ಅಳೆಯಬೇಕು. ಬರುತ್ತಾರೆ. ಬಂದಾಗ ಹೆದರಬೇಡಿ, ಕಾಗದ ಎದುರಿಗಿಡಿ ಎಂದು ಅಲೇಯಮ್ಮನಿಗೆ ಕಲಿಸಿದ್ದೇನೆ. ಪ್ರಾರ್ಥನೆ ಸರಪಳಿ ಸುತ್ತುವ ಮೊದಲು ಐದು ನಿಮಿಷ. ಅದನ್ನೂ ಅವರೇ ಮಲಯಾಳದಲ್ಲಿ ಮಾಡುತ್ತಾರೆ. ಅವರ ಮನೆತನದಲ್ಲಿ ಅಜ್ಜನ ಅಜ್ಜನ ಕಾಲದಿಂದ ಕ್ರೈಸ್ತರಂತೆ. ನಮ್ಮದು ನನ್ನ ಅಜ್ಜನಿಂದ ಈಚೆಗೆ. ಯಾರು ಯಾರಿಗೆ ಕಲಿಸಲು ಹೋದದ್ದು?

ಅಳತೆ ಮುಗಿದ ಮೇಲೆ, ಕಳೆದ ಭಾನುವಾರ, ಪುನಃ ಪ್ರಾರ್ಥನಾ ಕೂಟಕ್ಕೆಂದೇ ಹೋದೆ. ಇಪ್ಪತ್ತೇಳು ಮಂದಿಯಲ್ಲಿ ಬಂದವರು ಮೂವರು. ಅಲೇಯಮ್ಮ, ಅವಳ ಮಗು ಮತ್ತು ಆ ಮುದುಕಿ. ಮುದುಕಿ ಎರಡನೇ ವಾಕ್ಯಕ್ಕೆ ನಿದ್ದೆ ಹೋದಳು. ಪುತ್ತೂರಿನಲ್ಲೇ ಇದ್ದ ಹಾಗೆ ಅನಿಸಿತು.

ಹಿಂದೆ ಬರುವಾಗ ಮತ್ತಾಯಿ ಕಂಡ. ಗೌಡರ ಹಟ್ಟಿಯ ಬದಿಯಲ್ಲಿ, ಹೊಸ ಗಡಿಯ ಒಳಗೆ, ಕುಕ್ಕುರುಗಾಲಿನಲ್ಲಿ ಕುಳಿತು ರಬ್ಬರು ಗಿಡ ನೆಡುತ್ತಿದ್ದ. ನನ್ನನ್ನು ನೋಡಿ ನಕ್ಕ, ಮಣ್ಣಿನ ಕೈಯನ್ನೇ ಎತ್ತಿ ಬೀಸಿದ, ಪುನಃ ಗಿಡದ ಕಡೆ ಬಾಗಿದ. ಏಳಲಿಲ್ಲ.

ನನ್ನನ್ನು ಕಂಡು ಒಬ್ಬ ರೈತ ಕುಳಿತೇ ಇದ್ದದ್ದು ಇದೇ ಮೊದಲು. ನಾನು ನಿಜವಾಗಿ ರಿಟೈರ್ ಆದದ್ದು ಆ ಗಳಿಗೆಯಲ್ಲೇ ಇರಬಹುದೇ?