ಒಂದು ಕೊಡ ನೀರು, ಒಂದು ಖಾಲಿ ಸೀಟು

ನಾನು ಚಿಕ್ಕವನಿದ್ದಾಗ ರೇಸ್ ಕಾರಿನಲ್ಲಿ ಕುಳಿತವನು, ಮಕ್ಕಳೇ! ಖರ್ಚು ಎಷ್ಟಾಯಿತು ಅಂತೀರಾ? ಒಂದು ಕೊಡ ನೀರು. ಯಾಕೆಂದರೆ ಆ ಕಾರಿಗೆ ನನಗಿಂತ ಹೆಚ್ಚು ಬಾಯಾರಿಕೆಯಾಗಿತ್ತು.

ಕದರಮಂಡಲಗಿಯ ಹತ್ತಿರ, ರಸ್ತೆಗೆ ತಾಗಿ ನಮ್ಮ ಹೊಲ. ಅಪ್ಪ, ಅಕ್ಕ, ನಾನು ಮೆಣಸಿನಕಾಯಿ ಒಣಹಾಕುತ್ತಿದ್ದೆವು. ಘಾಟಿಗೆ ಮೂಗು ಸುರಿಯುತ್ತಿತ್ತು. ಆಗ ಬ್ಯಾಡಗಿ ಕಡೆಯಿಂದ ಡಬಡಬ ಸದ್ದು! ಉದ್ದ ಮೂತಿಯ ನೀಲಿ ಕಾರು. ಚಕ್ಕಡಿಯಂತೆ ಮರದ ಗಾಲಿ, ಸೈಕಲ್ಲಿನಂತೆ ಚೈನು. ಮೋಟಾರು ಹೊಸದಾಗಿ ಹುಟ್ಟಿದ ಕಾಲದಲ್ಲಿ ಪಂದ್ಯಕ್ಕೆಂದೇ ಕಟ್ಟಿದ ಹಳೇ ಕಾರಂತೆ ಅದು. ನಮ್ಮೆದುರೇ ಬುಸ್ಸೆಂದು ಹಬೆ ಉಗುಳಿ ನಿಂತುಬಿಟ್ಟಿತು.

"ಬಾಗಲಾ ಇಲ್ಲ, ಮ್ಯಾಲ ಹೊದಿಕಿ ಇಲ್ಲ. ಅರ್ಧಾ ಕಟ್ಟಿ ಬಿಟ್ಟಾರೇನ್ರಿ ಕಾಕಾ?" ಎಂದೆ.

ಓಡಿಸುತ್ತಿದ್ದವರು ಧೂಳು ಮೆತ್ತಿದ ಕನ್ನಡಕ ಮೇಲೇರಿಸಿ ನಕ್ಕರು. "ಓಡಾಕ ಎಷ್ಟು ಬೇಕೋ ಅಷ್ಟ ಕಟ್ಯಾರೋ ತಮ್ಮಾ. ಮದಲ ಒಂದ್ ಕೊಡ ನೀರು ಕೊಡಪಾ."

"ಕುಂದ್ರಿಸ್ಕೊಂಡು ಒಂದ್ ಸುತ್ತು ಹೊಡಸ್ರಿ, ಕೊಡ್ತೇನಿ."

"ಏ ಮಂಗ್ಯಾ! ನೀರಿಗೆ ಬೆಲೆ ಕಟ್ತೀಯೇನಲೇ?" ಅಪ್ಪ ಗದರಿದ. ಅಷ್ಟರಲ್ಲಿ ಅಕ್ಕ ಬಾವಿಯಿಂದ ಕೊಡ ತುಂಬಿ ತಂದೇಬಿಟ್ಟಳು. ಮುಗಿಯಿತು ನನ್ನ ಚೌಕಾಸಿ! ಹಬೆ ಇಳಿದ ಮೇಲೆ ನೀರು ಹೊಯ್ದರು. ಇನ್ನು ಕಾರು ಹೊರಟೇಹೋಗುತ್ತದೆ ಎಂದು ನನಗೆ ಅಳು ಬಂತು.

ಅಕ್ಕ ಮಾತ್ರ ಕಾರಿನೊಳಗೆ ಬಗ್ಗಿ ನೋಡುತ್ತಿದ್ದಳು. "ಈ ಖಾಲಿ ಸೀಟು ಯಾರದ್ರಿ ಕಾಕಾ?"

"ಪೆಟ್ರೋಲ್ ಪಂಪು ಒತ್ತಾಂವಂದವ್ವಾ. ಕೈಲೆ ಒತ್ತಿದ್ರಷ್ಟ ಎಂಜಿನ್ನಿಗೆ ಪೆಟ್ರೋಲ್ ಏರತೈತಿ. ಅಂವಗ ಜ್ವರ ಬಂದು ಹಾವೇರ್ಯಾಗ ಮಲಗ್ಯಾನ. ಈಗ ರಾಣೆಬೆನ್ನೂರತನಕ ನಡಸೂದೂ ನಾನ, ಒತ್ತೂದೂ ನಾನ."

"ನಾ ಒತ್ತತೇನ್ರಿ. ದಿನಾ ಬಾವಿ ನೀರು ಸೇದೋ ಕೈ ಇವು!"

ಕಾಕಾ ಅಪ್ಪನ ಮುಖ ನೋಡಿದರು. "ಗುಡಿತನಕ ಹೋಗಿ ಬರ್ರಿ," ಎಂದ ಅಪ್ಪ. ನಾನು ಬಾವಿಗೆ ಓಡಿ ಮತ್ತೆ ತುಂಬಿಸಿ ತಂದ ಕೊಡ ತಬ್ಬಿಕೊಂಡು ಅಕ್ಕನ ತೊಡೆ ಏರಿದೆ. ದಾರಿಯಲ್ಲಿ ಮತ್ತೆ ನೀರು ಬೇಕಾದರೆ?

ಅಬ್ಬಾ, ಆ ಓಟ! ಸುಟ್ಟ ಎಣ್ಣೆಯ ವಾಸನೆ, ಕಣ್ಣಿಗೆ ಧೂಳು, ಮುಖಕ್ಕೆ ಅಕ್ಕನ ಜಡೆಯ ಏಟು. ಕೋಳಿಗಳು ದಿಕ್ಕಾಪಾಲು. ಕೊಡ ತುಳುಕಿ ನನ್ನ ಚಡ್ಡಿಯೆಲ್ಲ ಒದ್ದೆ. "ಹೂಂ, ಒತ್ತವ್ವಾ!" ಎಂದು ಕಾಕಾ ಕೂಗಿದಾಗಲೆಲ್ಲ ಅಕ್ಕ ಒತ್ತುತ್ತಿದ್ದಳು, ಕಾರು ಹಾರುತ್ತಿತ್ತು.

ತಿರುಗಿ ಬಂದರೆ ಅಪ್ಪ ಹೆಗಲಿಗೆ ಟವೆಲ್ ಹಾಕಿಕೊಂಡು ರಸ್ತೆಯಲ್ಲೇ ನಿಂತಿದ್ದ. "ಇಳೀರಿ ಲಗೂ. ರಾಣೆಬೆನ್ನೂರತನಕ ನಾ ಒತ್ತತೇನಿ!"

ನಿಮ್ಮ ಕಾರಿಗೆ ಗಾಜು, ತಂಪು ಗಾಳಿ, ಹಾಡು ಎಲ್ಲವೂ ಇದೆ. ಅದರ ಬಾಯಾರಿಕೆ ನಿಮಗೆ ಗೊತ್ತೇ ಆಗುವುದಿಲ್ಲ. ಆದರೂ ಈ ಮಾತು ನೆನಪಿಡಿ. ಸಂತೆಯಲ್ಲಿ ಬದನೆಕಾಯಿಗೆ ಬೇಕಾದಷ್ಟು ಚೌಕಾಸಿ ಮಾಡಿ. ದಾರಿಯಲ್ಲಿ ನಿಂತವರು ನೀರು ಕೇಳಿದರೆ ಮಾತ್ರ ಮೊದಲು ಕೊಟ್ಟುಬಿಡಿ. ಪಕ್ಕದ ಸೀಟು ಯಾರದು ಎಂದು ಆಮೇಲೆ ಕೇಳಿ.